ಫೋನ್ ಕವರ್ ಹಿಂದಿನ ಕಥೆ: ಕರಗುವ ರಬ್ಬರ್ ಬಂತು, ಕರಗಿಸುವವರು ಬರಲಿಲ್ಲ

(ಇದು ನಮ್ಮ ಆಡಿಯೋ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಲಾಗಿದೆ.)

ಎಪಿಸೋಡ್ ಶುರು ಮಾಡೋಕೆ ಮುಂಚೆ ಒಂದು ಸಣ್ಣ ಕೆಲಸ. ಕೈಯಲ್ಲಿ ಫೋನ್ ಇದೆಯಲ್ವಾ, ಅದನ್ನ ತಿರುಗಿಸಿ. ಹಿಂದೆ ಮೆತ್ತನೆಯ ಪಾರದರ್ಶಕ ಕವರ್ ಇದ್ರೆ ಅದರ ಅಂಚನ್ನ ಬೆರಳಲ್ಲಿ ಒತ್ತಿ ನೋಡಿ. ಬಗ್ಗುತ್ತೆ, ಬಿಟ್ರೆ ವಾಪಸ್ ನೆಟ್ಟಗಾಗುತ್ತೆ. ಅಂಗಡಿಯವರು ಅದನ್ನ ‘ಸಿಲಿಕಾನ್ ಕವರ್’ ಅಂತ ಹೇಳಿ ಕೊಟ್ಟಿರ್ತಾರೆ. ಬೆಂಗಳೂರಿನ ಎಸ್‌ಪಿ ರೋಡಲ್ಲಿ ನಾನೂ ಹಾಗೆ ಕೇಳಿಯೇ ತಗೊಂಡಿದ್ದು. ಆದ್ರೆ ಇಂಥ ಕವರ್‌ಗಳಲ್ಲಿ ಬಹುಪಾಲು ಸಿಲಿಕೋನ್ ಅಲ್ಲವೇ ಅಲ್ಲ. ಅದು ಟಿಪಿಯು, ಅಂದ್ರೆ ಥರ್ಮೋಪ್ಲಾಸ್ಟಿಕ್ ಪಾಲಿಯುರೆಥೇನ್. ಇದು ಸೇರಿರೋ ದೊಡ್ಡ ಕುಟುಂಬದ ಹೆಸರು ಥರ್ಮೋಪ್ಲಾಸ್ಟಿಕ್ ಇಲಾಸ್ಟೋಮರ್, ಚಿಕ್ಕದಾಗಿ ಟಿಪಿಇ. ಹೆಸರು ಉದ್ದ, ಅರ್ಥ ಸರಳ: ರಬ್ಬರಿನ ಹಾಗೆ ಎಳೆದ್ರೆ ಹಿಗ್ಗುತ್ತೆ, ಪ್ಲಾಸ್ಟಿಕ್ಕಿನ ಹಾಗೆ ಕಾಯಿಸಿದ್ರೆ ಕರಗುತ್ತೆ.

ನನ್ನ ಮೇಜಿನ ಡ್ರಾಯರಲ್ಲಿ ಇಂಥ ನಾಲ್ಕು ಹಳೇ ಕವರ್‌ಗಳಿವೆ. ಫೋನ್‌ಗಳು ಹೋದವು, ಕವರ್‌ಗಳು ಉಳಿದವು. ಹೊಸದರಲ್ಲಿ ಗಾಜಿನ ಥರ ಇದ್ದವು ಈಗ ಹಳೇ ಪೇಪರಿನ ಬಣ್ಣಕ್ಕೆ ತಿರುಗಿವೆ. ಬಿಸಾಡೋಕೆ ಮನಸ್ಸು ಬರ್ತಿಲ್ಲ, ಯಾಕಂದ್ರೆ ಒಂದರ ಪ್ಯಾಕೆಟ್ ಮೇಲೆ ‘ಮರುಬಳಕೆಗೆ ಯೋಗ್ಯ’ ಅಂತಿತ್ತು. ಅದು ಸುಳ್ಳೂ ಅಲ್ಲ. ಕರಗಿಸಿದ್ರೆ ಇನ್ನೊಂದು ಕವರ್ ಮಾಡಬಹುದು. ಹಾಗಿದ್ರೆ ಕರಗಿಸೋರು ಯಾರು, ಎಲ್ಲಿ? ಇದಕ್ಕೆ ಉತ್ತರ ಹುಡುಕ್ತಾ ಹೋದ್ರೆ 1839ಕ್ಕೆ ಹೋಗಿ ನಿಲ್ತೀವಿ.

ಸುಳ್ಯ, ಪುತ್ತೂರು ಕಡೆಯವರು ರಬ್ಬರ್ ತೋಟ ನೋಡಿರ್ತೀರಿ. ಮರದಿಂದ ಇಳಿಸಿದ ಹಾಲನ್ನ ಆಸಿಡ್ ಹಾಕಿ ಹೆಪ್ಪುಗಟ್ಟಿಸಿ, ಒತ್ತಿ, ಹೊಗೆಗೂಡಲ್ಲಿ ಒಣಗಿಸಿದ್ರೆ ಶೀಟ್ ಆಗುತ್ತೆ. ಆದ್ರೆ ಆ ಶೀಟನ್ನ ನೇರವಾಗಿ ಕತ್ತರಿಸಿ ಚಪ್ಪಲಿ ಮಾಡೋಕಾಗಲ್ಲ. ಬಿಸಿಲಿಗೆ ಅಂಟಂಟಾಗುತ್ತೆ, ಚಳಿಗೆ ಬಿರುಸಾಗುತ್ತೆ. 1830ರ ದಶಕದ ಅಮೆರಿಕದಲ್ಲಿ ರಬ್ಬರ್ ವ್ಯಾಪಾರಿಗಳು ಮುಳುಗಿದ್ದು ಇದರಿಂದಲೇ. ಬೇಸಿಗೆ ಬಂದ ಕೂಡಲೇ ಶೂ, ಕೋಟು ಎಲ್ಲ ವಾಸನೆ ಹೊಡೆಯೋ ಮುದ್ದೆ.

ಚಾರ್ಲ್ಸ್ ಗುಡ್‌ಇಯರ್ ಅನ್ನೋ ಮನುಷ್ಯನಿಗೆ ಇದೇ ಹುಚ್ಚು ಹಿಡೀತು. ರಸಾಯನಶಾಸ್ತ್ರ ಓದಿದವನಲ್ಲ. ಸಾಲ ತೀರಿಸಲಾಗದೆ ಜೈಲಿಗೆ ಹೋಗಿ ಬಂದವನು. ಸರ್ಕಾರಕ್ಕೆ ಅಂಚೆ ಚೀಲ ಮಾಡಿಕೊಡೋ ಕಾಂಟ್ರಾಕ್ಟ್ ಸಿಕ್ತು, ಚೀಲಗಳು ಇಟ್ಟಲ್ಲೇ ಕರಗಿದವು. ಇವನ ಜೊತೆಗಿದ್ದ ನಥಾನಿಯಲ್ ಹೇವರ್ಡ್‌ಗೆ ಗಂಧಕ ಹಾಕಿದ್ರೆ ಅಂಟು ಕಮ್ಮಿ ಆಗುತ್ತೆ ಅಂತ ಮೊದಲೇ ಗೊತ್ತಿತ್ತು. 1839ರಲ್ಲಿ ಮ್ಯಾಸಚೂಸೆಟ್ಸ್‌ನ ವೋಬರ್ನ್‌ನಲ್ಲಿ ಗಂಧಕ ಬೆರೆಸಿದ ರಬ್ಬರ್ ತುಂಡೊಂದು ಬಿಸಿ ಒಲೆಗೆ ತಗುಲಿತು ಅನ್ನೋದು ಪ್ರಸಿದ್ಧ ಕಥೆ. ಕರಗಬೇಕಿತ್ತು. ಕರಗಲಿಲ್ಲ, ಚರ್ಮದ ಹಾಗೆ ಗಟ್ಟಿಯಾಯ್ತು. ಅದನ್ನ ಹದಕ್ಕೆ ತರೋಕೆ ಅವನಿಗೆ ಇನ್ನೂ ಕೆಲವು ವರ್ಷ ಬೇಕಾಯ್ತು. 1844ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ತು. ಇಂಗ್ಲೆಂಡಿನಲ್ಲಿ ಅಷ್ಟರಲ್ಲೇ ಥಾಮಸ್ ಹ್ಯಾನ್‌ಕಾಕ್ ಪೇಟೆಂಟ್ ಹಾಕಿಬಿಟ್ಟಿದ್ದ. ಗುಡ್‌ಇಯರ್ 1860ರಲ್ಲಿ ಸತ್ತಾಗ ಸುಮಾರು ಎರಡು ಲಕ್ಷ ಡಾಲರ್ ಸಾಲ ಉಳಿದಿತ್ತು. ಅವನ ಹೆಸರಿನ ಟೈರ್ ಕಂಪನಿ ಶುರುವಾಗಿದ್ದು 1898ರಲ್ಲಿ. ಅದಕ್ಕೂ ಅವನ ಮನೆಯವರಿಗೂ ಸಂಬಂಧ ಇಲ್ಲ, ಗೌರವಕ್ಕೆ ಹೆಸರಿಟ್ಟಿದ್ದು ಅಷ್ಟೇ.

ಒಲೆ ಮೇಲೆ ಆಗಿದ್ದು ಏನು? ರಬ್ಬರ್ ಅಂದ್ರೆ ಉದ್ದುದ್ದ ಎಳೆಗಳ ರಾಶಿ. ಗಂಧಕ ಆ ಎಳೆಗಳನ್ನ ಅಲ್ಲಲ್ಲಿ ಒಂದಕ್ಕೊಂದು ಗಂಟು ಹಾಕಿಬಿಡುತ್ತೆ. ಆಮೇಲೆ ಎಳೆದ್ರೂ ಜಾರಲ್ಲ, ಕಾಯಿಸಿದ್ರೂ ಹರಿಯಲ್ಲ. ಇದೇ ವಲ್ಕನೈಸೇಷನ್. ಇಡ್ಲಿ ಹಿಟ್ಟು ಬೆಂದು ಇಡ್ಲಿ ಆದ ಹಾಗೆ. ಬೆಂದ ಇಡ್ಲಿಯನ್ನ ಕಿವುಚಿ ಉಪ್ಪಿಟ್ಟು ಮಾಡಬಹುದು, ಮತ್ತೆ ಹಿಟ್ಟು ಮಾಡೋಕಾಗಲ್ಲ. ಪ್ರಪಂಚದ ಕಾರು, ಬಸ್ಸು, ವಿಮಾನ ಎಲ್ಲ ಇವತ್ತು ಓಡ್ತಿರೋದು ಈ ಬೆಂದ ಇಡ್ಲಿಗಳ ಮೇಲೆ. ಗ್ಯಾರೇಜ್‌ಗಳ ಹಿಂದೆ ಹಳೇ ಟೈರ್ ರಾಶಿ ಬೀಳೋಕೂ ಕಾರಣ ಇದೇ ಗಂಟು.

ಈ ಗಂಟಿನ ಬೆಲೆ ಏನು ಅಂತ ಅಮೆರಿಕಕ್ಕೆ ಸರಿಯಾಗಿ ಗೊತ್ತಾಗಿದ್ದು ಎರಡನೇ ಮಹಾಯುದ್ಧದಲ್ಲಿ. 1942ರ ಫೆಬ್ರವರಿಯಲ್ಲಿ ಸಿಂಗಪುರ ಜಪಾನಿನ ವಶ ಆಯ್ತು. ಮಲಯ, ಇಂಡೋನೇಷ್ಯಾದ ತೋಟಗಳು ಕೈತಪ್ಪಿದವು. ಅಮೆರಿಕಕ್ಕೆ ಬರ್ತಿದ್ದ ರಬ್ಬರ್ ಬಹುತೇಕ ನಿಂತೇ ಹೋಯ್ತು. ಜೂನ್‌ನಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ರೇಡಿಯೋದಲ್ಲಿ ಜನರನ್ನ ಕೇಳಿಕೊಂಡ್ರು: ಹಳೇ ಟೈರ್, ರೈನ್‌ಕೋಟ್, ತೋಟದ ಪೈಪ್, ಈಜುವಾಗ ಹಾಕೋ ಟೋಪಿ, ಏನಿದ್ರೂ ಹತ್ತಿರದ ಪೆಟ್ರೋಲ್ ಬಂಕಿಗೆ ತಂದು ಕೊಡಿ. ಪೌಂಡಿಗೆ ಒಂದು ಸೆಂಟ್. ಒಂದು ತಿಂಗಳೊಳಗೆ ನಾಲ್ಕು ಲಕ್ಷ ಟನ್ನಿಗೂ ಹೆಚ್ಚು ಹಳೇ ರಬ್ಬರ್ ಸೇರಿತು. ನಿಮಗೊಂದು ದೊಡ್ಡ ಮರುಬಳಕೆ ಆಂದೋಲನದ ಉದಾಹರಣೆ ಬೇಕಿದ್ರೆ ಇದೇ. ಆದ್ರೆ ಬೆಂದದ್ದನ್ನ ಮತ್ತೆ ಹಿಟ್ಟು ಮಾಡೋದು ಹೇಗೆ? ರಾಸಾಯನಿಕ ಹಾಕಿ, ಕಾಯಿಸಿ ಒಂದಷ್ಟು ವಾಪಸ್ ತಂದ್ರು, ಆದ್ರೆ ಅದಕ್ಕೆ ಹೊಸ ರಬ್ಬರಿನ ಕಸುವು ಬರಲಿಲ್ಲ. ದೇಶವನ್ನ ಉಳಿಸಿದ್ದು ಸರ್ಕಾರ ದುಡ್ಡು ಸುರಿದು ಕಟ್ಟಿಸಿದ ಕೃತಕ ರಬ್ಬರ್ ಕಾರ್ಖಾನೆಗಳು. ಅದರಲ್ಲಿ ಒಂದು ಕ್ಯಾಲಿಫೋರ್ನಿಯಾದ ಟೊರೆನ್ಸ್ ಅನ್ನೋ ಊರಲ್ಲಿತ್ತು. ಈ ಊರಿನ ಹೆಸರು ನೆನಪಿಟ್ಟುಕೊಳ್ಳಿ. ಯುದ್ಧ ಮುಗಿದ ಮೇಲೆ, 1955ರಲ್ಲಿ, ಸರ್ಕಾರ ಅದನ್ನ ಶೆಲ್ ಕಂಪನಿಗೆ ಮಾರಿತು.

ಈಗ ಅಲ್ಲಿಂದ ದೇಶದ ಇನ್ನೊಂದು ತುದಿ, ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್. ಅಲ್ಲಿ ಮೈಕೆಲ್ ಶ್ವಾರ್ಕ್ ಅಂತ ಒಬ್ಬ ಮೇಷ್ಟ್ರು. ಪೋಲೆಂಡಿನಲ್ಲಿ ಹುಟ್ಟಿ, ಪ್ಯಾಲೆಸ್ಟೈನ್‌ಗೆ ಹೋಗಿ, ಮ್ಯಾಂಚೆಸ್ಟರ್‌ನಲ್ಲಿ ಕೆಲಸ ಮಾಡಿ, ಕೊನೆಗೆ 1952ರಲ್ಲಿ ಇಲ್ಲಿಗೆ ಬಂದವರು. ಪ್ಲಾಸ್ಟಿಕ್ಕಿನ ಎಳೆಗಳು ಬೆಳೆಯೋದು ಸಣ್ಣ ಅಣುಗಳು ಒಂದರ ಹಿಂದೊಂದು ಸೇರ್ತಾ ಹೋಗಿ. ಸಾಮಾನ್ಯವಾಗಿ ಎಳೆ ಎಲ್ಲೋ ಒಂದು ಕಡೆ ಬೆಳವಣಿಗೆ ನಿಲ್ಲಿಸಿಬಿಡುತ್ತೆ. ಯಾವುದು ಎಲ್ಲಿ ನಿಲ್ಲುತ್ತೆ ಅನ್ನೋದು ನಮ್ಮ ಕೈಯಲ್ಲಿಲ್ಲ. ಶ್ವಾರ್ಕ್ ಮತ್ತು ವಿದ್ಯಾರ್ಥಿಗಳು ಗಾಳಿ, ನೀರಿನ ಸುಳಿವೂ ಇಲ್ಲದ ಗಾಜಿನ ಉಪಕರಣದೊಳಗೆ ಹಸಿರು ಬಣ್ಣದ ಒಂದು ದ್ರಾವಣಕ್ಕೆ ಸ್ಟೈರೀನ್ ಹಾಕಿದ್ರು. ಹಸಿರು ಹೋಗಿ ಕೆಂಪಾಯ್ತು. ಸ್ಟೈರೀನ್ ಎಲ್ಲ ಮುಗಿದ ಮೇಲೂ ಕೆಂಪು ಹೋಗಲಿಲ್ಲ. ಇನ್ನಷ್ಟು ಸ್ಟೈರೀನ್ ಹಾಕಿದ್ರೆ ಅದೇ ಎಳೆಗಳು ಮತ್ತೆ ಬೆಳೆಯೋಕೆ ಶುರು! ಅಂದ್ರೆ ಎಳೆಯ ತುದಿ ಸತ್ತಿಲ್ಲ, ಕಾಯ್ತಾ ಕೂತಿದೆ. 1956ರಲ್ಲಿ ಈ ಬಗ್ಗೆ ಬರೆದಾಗ ಶ್ವಾರ್ಕ್ ಅವಕ್ಕೆ ‘ಜೀವಂತ ಪಾಲಿಮರ್’ ಅಂತ ಹೆಸರಿಟ್ರು.

ತುದಿ ಜೀವಂತ ಇದ್ರೆ ಏನು ಲಾಭ? ಮೊದಲು ಒಂದು ಬಗೆಯ ಅಣು ಹಾಕಿ ಸ್ವಲ್ಪ ಬೆಳೆಸಬಹುದು, ಆಮೇಲೆ ಬೇರೆಯದನ್ನ ಹಾಕಿ ಮುಂದುವರಿಸಬಹುದು. ಹೂ ಕಟ್ಟೋರು ಮಾಲೆಯಲ್ಲಿ ಒಂದು ಮೊಳ ಮಲ್ಲಿಗೆ, ಒಂದು ಮೊಳ ಕನಕಾಂಬರ ಸೇರಿಸಿದ ಹಾಗೆ ಒಂದೇ ಎಳೆಯಲ್ಲಿ ಬೇರೆಬೇರೆ ಗುಣದ ತುಂಡುಗಳು. ಆ ಪ್ರಯೋಗದಲ್ಲಿದ್ದ ವಿದ್ಯಾರ್ಥಿ ರಾಲ್ಫ್ ಮಿಲ್ಕೊವಿಚ್ ಓದು ಮುಗಿಸಿ ಶೆಲ್ ಕಂಪನಿ ಸೇರಿದ. ವಿಜ್ಞಾನದ ಇತಿಹಾಸದಲ್ಲಿ ಇಂಥದ್ದು ಎಷ್ಟೋ ಸಲ ನಡೆಯುತ್ತೆ. ಪ್ರಬಂಧ ಒಂದು ಊರಲ್ಲಿ ಅಚ್ಚಾಗುತ್ತೆ, ಪೇಟೆಂಟ್ ಇನ್ನೊಂದು ಊರಲ್ಲಿ ಹುಟ್ಟುತ್ತೆ, ಮಧ್ಯೆ ಒಬ್ಬ ಹುಡುಗ ಕೆಲಸ ಸಿಕ್ಕಿ ಹೋಗಿರ್ತಾನೆ.

ಶೆಲ್ ತಂಡದಲ್ಲಿ ಮಿಲ್ಕೊವಿಚ್ ಜೊತೆ ಜೆಫ್ರಿ ಹೋಲ್ಡನ್ ಇದ್ರು. ಅವರಿಗೆ ಎದುರಾಗಿದ್ದ ತಲೆನೋವು ತೀರಾ ಸಾಧಾರಣದ್ದು: ಬೇಯಿಸದ ಕೃತಕ ರಬ್ಬರ್ ಇಟ್ಟಲ್ಲೇ ತನ್ನ ಭಾರಕ್ಕೆ ತಾನೇ ನಿಧಾನಕ್ಕೆ ಹರಡಿಕೊಳ್ತಿತ್ತು. ಅದಕ್ಕೆ ಸ್ವಲ್ಪ ಬಿಗಿ ಬರಲಿ ಅಂತ ರಬ್ಬರ್ ಎಳೆಯ ತುದಿಗಳಿಗೆ ಪಾಲಿಸ್ಟೈರೀನ್ ಸೇರಿಸಿದ್ರು. ಪಾಲಿಸ್ಟೈರೀನ್ ಅಂದ್ರೆ ಥರ್ಮೋಕೋಲ್ ಮಾಡ್ತಾರಲ್ಲ, ಅದೇ ಗಟ್ಟಿ ಪ್ಲಾಸ್ಟಿಕ್. ಸಿಕ್ಕಿದ್ದು ಅವರು ಹುಡುಕಿದ್ದಕ್ಕಿಂತ ಬಹಳ ಹೆಚ್ಚು. ಗಂಧಕ ಹಾಕಿಲ್ಲ, ಬೇಯಿಸಿಲ್ಲ. ಎಳೆದ್ರೆ ಬೆಂದ ರಬ್ಬರಿನ ಹಾಗೇ ಹಿಗ್ಗಿ ಚಟ್ ಅಂತ ವಾಪಸ್ ಬರ್ತಿದೆ!

ಹೇಗೆ ಅಂತ ಕೇಳಿ. ಎರಡೂ ತುದಿಗೆ ಬೆಲ್ಲದ ಪಾಕ ಅದ್ದಿದ ಶಾವಿಗೆ ಎಳೆಗಳನ್ನ ಊಹಿಸಿಕೊಳ್ಳಿ. ಒಂದು ಪಾತ್ರೆಗೆ ಸುರಿದ್ರೆ ಪಾಕದ ತುದಿಗಳು ಅಕ್ಕಪಕ್ಕದ ತುದಿಗಳಿಗೆ ಅಂಟಿಕೊಂಡು ಅಲ್ಲಲ್ಲಿ ಸಣ್ಣ ಸಣ್ಣ ಗಟ್ಟಿ ಉಂಡೆ ಆಗ್ತವೆ. ಮಧ್ಯದ ಶಾವಿಗೆ ಮೆತ್ತಗೆ ತೂಗಾಡ್ತಿರುತ್ತೆ. ಎಳೆದ್ರೆ ಶಾವಿಗೆ ಹಿಗ್ಗುತ್ತೆ, ಉಂಡೆಗಳು ಜಾರೋಕೆ ಬಿಡಲ್ಲ. ಗುಡ್‌ಇಯರ್ ಗಂಧಕದಿಂದ ಹಾಕಿದ ಗಂಟಿನ ಕೆಲಸವನ್ನ ಇಲ್ಲಿ ಪಾಲಿಸ್ಟೈರೀನ್ ಉಂಡೆ ಮಾಡ್ತಿದೆ. ಆದ್ರೆ ಬೆಲ್ಲ ಕಾಯಿಸಿದ್ರೆ ಕರಗುತ್ತೆ ಅಲ್ವಾ? ಪಾಲಿಸ್ಟೈರೀನ್ ಕೂಡ ಸುಮಾರು 100 ಡಿಗ್ರಿ ದಾಟಿದ ಮೇಲೆ ಮೆತ್ತಗಾಗುತ್ತೆ, ಇನ್ನೂ ಕಾಯಿಸಿದ್ರೆ ಇಡೀ ರಾಶಿ ಹರಿಯುತ್ತೆ. ಅಚ್ಚಿಗೆ ಹಾಕಿ ತಣಿಸಿದ್ರೆ ಉಂಡೆಗಳು ಮತ್ತೆ ಕಟ್ಟಿಕೊಳ್ತವೆ. ಹಾಕಿದ ಗಂಟನ್ನ ಬಿಚ್ಚಬಹುದು, ಬಿಚ್ಚಿದ್ದನ್ನ ಮತ್ತೆ ಹಾಕಬಹುದು.

1962ರಲ್ಲಿ ಪೇಟೆಂಟ್ ಅರ್ಜಿ ಹೋಯ್ತು, 1965ರಲ್ಲಿ ‘ಕ್ರೇಟನ್’ ಅನ್ನೋ ಹೆಸರಲ್ಲಿ ಮಾರುಕಟ್ಟೆಗೆ ಬಂತು, 1966ರಲ್ಲಿ ಪೇಟೆಂಟ್ ಕೈಗೆ ಬಂತು. ಶೂ ಸೋಲ್, ಅಂಟು, ಆಮೇಲೆ ರಸ್ತೆ ಡಾಂಬರು, ಹೀಗೆ ಹರಡಿತು. ನಮ್ಮಲ್ಲಿ ಶೂ ಅಂಗಡಿಯವರು ‘ಟಿಪಿಆರ್ ಸೋಲ್ ಸಾರ್, ಜಾರಲ್ಲ’ ಅಂತಾರಲ್ಲ, ಆ ಟಿಪಿಆರ್ ಈ ಮನೆತನದ್ದೇ. ಥರ್ಮೋಪ್ಲಾಸ್ಟಿಕ್ ರಬ್ಬರ್.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಕಾರ್ಖಾನೆಯವರು ಇದಕ್ಕೆ ಮುಗಿಬಿದ್ದಿದ್ದು ಪರಿಸರದ ಮೇಲಿನ ಪ್ರೀತಿಗಲ್ಲ. ರಬ್ಬರ್ ಬೇಯೋಕೆ ಅಚ್ಚಿನಲ್ಲಿ ನಿಮಿಷಗಟ್ಟಲೆ ಕಾಯಬೇಕು. ಇದು ಸೆಕೆಂಡುಗಳಲ್ಲಿ ತಣಿದು ಹೊರಗೆ ಬರುತ್ತೆ. ಗಂಧಕದ ಲೆಕ್ಕಾಚಾರ ಇಲ್ಲ. ಅಚ್ಚಿನ ಅಂಚಲ್ಲಿ ಮಿಕ್ಕ ತುಂಡುಗಳನ್ನ ಪುಡಿ ಮಾಡಿ ಅದೇ ದಿನ ಅದೇ ಮೆಷಿನ್ನಿಗೆ ಸುರಿಯಬಹುದು. ಆ ಮಟ್ಟಿಗೆ ಟಿಪಿಇ ಮರುಬಳಕೆ 60 ವರ್ಷದಿಂದ ಸಲೀಸಾಗಿ ನಡೀತಿದೆ, ಕಾರ್ಖಾನೆಯ ಗೇಟಿನ ಒಳಗೆ. ಅಲ್ಲಿ ಚೂರು ಯಾವುದು, ಎಲ್ಲಿಂದ ಬಂತು ಅಂತ ಎಲ್ಲರಿಗೂ ಗೊತ್ತು, ಮಣ್ಣು ಮೆತ್ತಿಲ್ಲ. ಗೇಟು ದಾಟಿದ ಮೇಲಿನದ್ದು ಬೇರೆಯೇ ಪ್ರಪಂಚ.

ನಮ್ಮ ಫೋನ್ ಕವರಿನ ಟಿಪಿಯು ಇದಕ್ಕಿಂತ ಸ್ವಲ್ಪ ಹಿರಿಯದು. 1937ರಲ್ಲಿ ಜರ್ಮನಿಯ ಒಟ್ಟೊ ಬೇಯರ್ ಪಾಲಿಯುರೆಥೇನ್ ಮಾಡೋ ದಾರಿ ಕಂಡುಹಿಡಿದಿದ್ರು. ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪನಿಯ ಚಾರ್ಲ್ಸ್ ಶೋಲೆನ್‌ಬರ್ಗರ್ ಅದರದ್ದೊಂದು ಕರಗುವ, ಹಿಗ್ಗುವ ರೂಪ ಮಾಡಿ 1958ರಲ್ಲಿ ಪ್ರಕಟಿಸಿದ್ರು. ಗಂಟು ಇದ್ದ ಹಾಗೆ ವರ್ತಿಸುತ್ತೆ, ಆದ್ರೆ ನಿಜವಾದ ಗಂಟಿಲ್ಲ ಅನ್ನೋ ಅರ್ಥದ ಹೆಸರನ್ನೂ ಕೊಟ್ರು. ಸವೆಯಲ್ಲ, ಹರಿಯಲ್ಲ, ಎಣ್ಣೆಗೆ ಜಗ್ಗಲ್ಲ. ಎಷ್ಟು ಗಟ್ಟಿ ಅಂದ್ರೆ, ನಿಮ್ಮೂರಲ್ಲಿ ಹಸು, ಎಮ್ಮೆಗಳ ಕಿವಿಯಲ್ಲಿ 12 ಅಂಕಿಯ ಹಳದಿ ಬಿಲ್ಲೆ ನೋಡಿದ್ದೀರಲ್ಲ, ಅದೂ ಟಿಪಿಯುವೇ. ಬಿಸಿಲು, ಮಳೆ, ಕೊಟ್ಟಿಗೆ ಗೋಡೆಗೆ ತಲೆ ಉಜ್ಜೋದು, ಎಲ್ಲ ತಡೀಬೇಕಲ್ಲ.

ಕವರ್ ಹಳದಿ ಆಗೋದೂ ಇದರದ್ದೇ ಗುಣ. ಅಗ್ಗದ ಟಿಪಿಯುನಲ್ಲಿರೋ ಒಂದು ಬಗೆಯ ಉಂಗುರದಾಕಾರದ ರಚನೆ ಬಿಸಿಲಿಗೆ ಬದಲಾಗಿ ಬಣ್ಣ ತಳೆಯುತ್ತೆ. ಹಾಗಾಗದ ಟಿಪಿಯು ಕೂಡ ಇದೆ, ದುಬಾರಿ. ಹಾಗಾಗಿ ಸೋಪು ಹಾಕಿ ತಿಕ್ಕಬೇಡಿ, ಅದು ಕೊಳೆ ಅಲ್ಲ. ನಾನು ತಿಕ್ಕಿ ತಿಕ್ಕಿ ಸೋತವನು.

ಈ ವಸ್ತು ಗೇಟು ದಾಟಿ ಅಡುಗೆಮನೆಗೆ ಬಂದ ಕಥೆ ನನಗೆ ತುಂಬಾ ಇಷ್ಟ. 1981ರಲ್ಲಿ ಮೊನ್ಸಾಂಟೊ ಕಂಪನಿ ‘ಸ್ಯಾಂಟೊಪ್ರೀನ್’ ಅನ್ನೋ ಟಿಪಿಇ ಹೊರತಂದಿತು. ಆಬರ್ಟ್ ಕೋರನ್ ಮತ್ತು ರಮಣ್ ಪಟೇಲ್ ಅದರ ಹಿಂದಿದ್ದವರು. ಬೆಂದ ರಬ್ಬರಿನ ಸೂಕ್ಷ್ಮ ಕಣಗಳನ್ನ ಕರಗುವ ಪ್ಲಾಸ್ಟಿಕ್ಕಿನೊಳಗೆ ಹರಡಿದ ಮಿಶ್ರಣ ಅದು. ಇನ್ನೊಂದು ಕಡೆ ಸ್ಯಾಮ್ ಫಾರ್ಬರ್ ಅನ್ನೋ ವ್ಯಾಪಾರಿ ನಿವೃತ್ತರಾಗಿದ್ರು. ಹೆಂಡತಿ ಬೆಟ್ಸಿಗೆ ಸಂಧಿವಾತ. ಸಿಪ್ಪೆ ತೆಗೆಯೋ ಪೀಲರ್‌ನ ಸಪೂರ ಲೋಹದ ಹಿಡಿ ಹಿಡಿದು ಆಕೆ ನೋವು ಪಡೋದನ್ನ ಫಾರ್ಬರ್ ನೋಡಿದ್ರು. ನ್ಯೂಯಾರ್ಕಿನ ಸ್ಮಾರ್ಟ್ ಡಿಸೈನ್ ತಂಡದ ಜೊತೆ ಸೇರಿ, ಸೈಕಲ್ ಹ್ಯಾಂಡಲ್ ಗ್ರಿಪ್ ನೆನಪಿಸೋ ಹಾಗೆ ದಪ್ಪಗೆ, ಮೆತ್ತಗೆ, ಒದ್ದೆ ಕೈಗೂ ಜಾರದ ಸ್ಯಾಂಟೊಪ್ರೀನ್ ಹಿಡಿ ಮಾಡಿಸಿದ್ರು. 1990ರಲ್ಲಿ ಆಕ್ಸೊ ಕಂಪನಿಯ ‘ಗುಡ್ ಗ್ರಿಪ್ಸ್’ ಅಂತ ಅಂಗಡಿಗೆ ಬಂತು. ನೋವಿದ್ದವರಿಗೆ ಅಂತ ಮಾಡಿದ್ದನ್ನ ನೋವಿಲ್ಲದವರೂ ಇಷ್ಟಪಟ್ಟು ಕೊಂಡ್ರು.

ಗಟ್ಟಿ ಮೈಗೆ ಮೆತ್ತನೆ ಹಿಡಿ ಅನ್ನೋದು ಆಮೇಲೆ ಎಲ್ಲ ಕಡೆ ಬಂತು. ಟೂತ್‌ಬ್ರಷ್, ರೇಜರ್, ಸ್ಕ್ರೂಡ್ರೈವರ್, ಡ್ರಿಲ್ ಮೆಷಿನ್, ಪೆನ್ನು. ಗಟ್ಟಿ ಪ್ಲಾಸ್ಟಿಕ್ಕಿನ ಮೇಲೆ ಕರಗಿದ ಟಿಪಿಇ ಸುರಿದು, ಅಂಟೇ ಇಲ್ಲದೆ ಅವೆರಡನ್ನೂ ಬೆಸೆಯೋ ವಿಧಾನ ಇದು. ನಿಮ್ಮ ಬ್ರಷ್ಷಿನ ಮೆತ್ತನೆ ಭಾಗವನ್ನ ಉಗುರಲ್ಲಿ ಕಿತ್ತು ನೋಡಿ, ಬರಲ್ಲ. ಬರಬಾರದು ಅಂತಲೇ ಅಷ್ಟು ಕಷ್ಟಪಟ್ಟಿರೋದು. ಬಿಚ್ಚಬಹುದಾದ ಗಂಟು ಕಂಡುಹಿಡಿದವರ ವಸ್ತುವನ್ನ ನಾವು ಬಿಚ್ಚಲಾಗದ ಹಾಗೆ ಇನ್ನೊಂದಕ್ಕೆ ಬೆಸೆದುಬಿಟ್ವಿ. ಬೆಟ್ಸಿಯ ಕೈನೋವು ನಿಜ, ಅದಕ್ಕೆ ಸಿಕ್ಕ ಪರಿಹಾರವೂ ಒಳ್ಳೆಯದೇ. ನಮ್ಮ ಪೆನ್ನಿಗೆ, ಶಾಂಪೂ ಡಬ್ಬಿಗೆ ಅದು ಬೇಕಿತ್ತಾ ಅನ್ನೋದು ನನ್ನ ತಕರಾರು.

ಈ ಎಪಿಸೋಡಿಗೆ ಸಿದ್ಧತೆ ಮಾಡುವಾಗ ನನ್ನ ಒಂದು ಹಳದಿ ಕವರ್ ತಗೊಂಡು ನಮ್ಮ ಏರಿಯಾದ ಒಣತ್ಯಾಜ್ಯ ಕೇಂದ್ರಕ್ಕೆ ಹೋಗಿದ್ದೆ. ವಿಂಗಡಣೆ ಮಾಡ್ತಿದ್ದ ಅಕ್ಕ ಅದನ್ನ ಒಂದು ಸಲ ಮಡಚಿ, ಬಿಟ್ಟು, ‘ಇದು ಹೋಗಲ್ಲ ಸರ್’ ಅಂದ್ರು. ಯಾಕಕ್ಕಾ ಅಂದೆ. ‘ಬಾಟ್ಲು ಅಂದ್ರೆ ಬಾಟ್ಲು, ಹಾಲಿನ ಕವರ್ ಅಂದ್ರೆ ಹಾಲಿನ ಕವರ್. ಇದು ರಬ್ಬರಾ, ಪ್ಲಾಸ್ಟಿಕ್ಕಾ? ಯಾರೂ ತಗೊಳಲ್ಲ.’ ಟಿಪಿಇ ಸಮಸ್ಯೆ ಇದಕ್ಕಿಂತ ಚೆನ್ನಾಗಿ ಯಾವ ಪಠ್ಯಪುಸ್ತಕದಲ್ಲೂ ಇರಲಾರದು. ನೀರಿನ ಬಾಟಲಿ ಒಂದೇ ಬಗೆಯ ಪ್ಲಾಸ್ಟಿಕ್, ಟನ್ನುಗಟ್ಟಲೆ ಬರುತ್ತೆ, ಕೊಳ್ಳೋರಿದ್ದಾರೆ. ಟಿಪಿಇ ಅನ್ನೋದು ಒಂದು ವಸ್ತುವೇ ಅಲ್ಲ, ಒಂದು ಕೂಡುಕುಟುಂಬ. ಸ್ಟೈರೀನ್‌ದು ಬೇರೆ, ಯುರೆಥೇನ್‌ದು ಬೇರೆ, ಪಾಲಿಯೆಸ್ಟರ್‌ದು ಬೇರೆ. ಒಟ್ಟಿಗೆ ಕರಗಿಸಿದ್ರೆ ಒಂದಕ್ಕೊಂದು ಬೆರೆಯದೆ ಯಾವುದಕ್ಕೂ ಬಾರದ ಮುದ್ದೆ. ಪ್ಲಾಸ್ಟಿಕ್ ಗುರುತಿನ ತ್ರಿಕೋನದಲ್ಲಿ ಇವಕ್ಕೆಲ್ಲ ಸೇರಿ ಒಂದೇ ಸಂಖ್ಯೆ, 7, ಅಂದ್ರೆ ‘ಇತರೆ’. ನಮ್ಮ ದೇಶದಲ್ಲಿ 2022ರಲ್ಲಿ ಬಂದ ಉತ್ಪಾದಕರ ಹೊಣೆಗಾರಿಕೆ ನಿಯಮಗಳು ಪ್ಲಾಸ್ಟಿಕ್ ಪ್ಯಾಕೇಜಿಂಗ್‌ಗೆ ಒಂದು, ಹಳೇ ಟೈರಿಗೆ ಇನ್ನೊಂದು. ಕವರ್ ಇದೆರಡೂ ಅಲ್ಲ.

ಹಾಗಂತ ಯಾರೂ ಪ್ರಯತ್ನ ಮಾಡಿಲ್ಲ ಅಂತಲ್ಲ. 2019ರ ಏಪ್ರಿಲ್‌ನಲ್ಲಿ ಅಡಿಡಾಸ್ ‘ಫ್ಯೂಚರ್‌ಕ್ರಾಫ್ಟ್ ಲೂಪ್’ ಅನ್ನೋ ಶೂ ತೋರಿಸಿತು. ಸೋಲ್, ಮೇಲ್ಭಾಗ, ದಾರ, ಎಲ್ಲವೂ ಟಿಪಿಯು. ಅಂಟು ಇಲ್ಲ. ಪರೀಕ್ಷೆಗೆ ಅಂತ 200 ಜನರಿಗೆ ಕೊಟ್ಟು, ಓಡಿ ಸವೆಸಿ ವಾಪಸ್ ಕೊಡಿ ಅಂದ್ರು. ತೊಳೆದು, ಪುಡಿ ಮಾಡಿ, ಕರಗಿಸೋದು ಯೋಜನೆ. ಕಾರ್ಖಾನೆಯ ಗೇಟಿನ ಒಳಗೆ ನಡೀತಿದ್ದನ್ನ ಹೊರಗೂ ತರೋ ಪ್ರಯತ್ನ ಅಂತ ನಾನು ಇದನ್ನ ನೋಡ್ತೀನಿ. ಸ್ವಿಟ್ಜರ್ಲೆಂಡಿನ ಆನ್ ಕಂಪನಿ 2020ರಲ್ಲಿ ಇನ್ನೊಂದು ದಾರಿ ಹಿಡೀತು. ಶೂ ಮಾರಲ್ಲ, ತಿಂಗಳ ಚಂದಾಕ್ಕೆ ಕೊಡ್ತೀವಿ, ಸವೆದ ಮೇಲೆ ವಾಪಸ್ ಕಳಿಸಿದ್ರೆ ಹೊಸ ಜೋಡಿ.

ಆ ಶೂವಿನ ಮೂಲ ಯಾವುದು ಗೊತ್ತಾ? ಹರಳು. ಉತ್ತರ ಕರ್ನಾಟಕದವರು ಔಡಲ ಅಂತೀರಿ. ಹರಳೆಣ್ಣೆಯಿಂದ ನೈಲಾನ್ ಜಾತಿಯ ಪ್ಲಾಸ್ಟಿಕ್ ಮಾಡೋದನ್ನ ಫ್ರೆಂಚರು 1940ರ ದಶಕದಲ್ಲೇ ಕಲಿತಿದ್ರು. ಅದಕ್ಕೆ ಮೆತ್ತನೆ ತುಂಡುಗಳನ್ನ ಸೇರಿಸಿ ಮಾಡಿದ ಟಿಪಿಇ ಕೂಡ ಈಗ ಇದೆ. ಪ್ರಪಂಚದಲ್ಲಿ ಅತಿ ಹೆಚ್ಚು ಹರಳು ಬೆಳೆಯೋದು ಭಾರತ, ಅದರಲ್ಲೂ ಗುಜರಾತ್. ಅಜ್ಜಿ ನಮ್ಮ ತಲೆಗೆ ಒತ್ತುತ್ತಿದ್ದ ಎಣ್ಣೆ ಯುರೋಪಿನ ಓಟಗಾರರ ಕಾಲಿಗೆ ಹೋಗಿದೆ. ಆದ್ರೆ ಒಂದು ಎಚ್ಚರಿಕೆ: ಬೀಜದಿಂದ ಬಂತು ಅಂದ ಮಾತ್ರಕ್ಕೆ ಅದು ಮಣ್ಣಲ್ಲಿ ಕೊಳೆಯುತ್ತೆ ಅಂತ ಅಲ್ಲ. ಕಚ್ಚಾ ತೈಲದ ಬದಲು ಹೊಲದಿಂದ ಶುರುವಾಯ್ತು, ಅಷ್ಟೇ. ತಿಪ್ಪೆಗೆ ಹಾಕಿದ್ರೆ ಅದೂ ಅಲ್ಲೇ ಕೂತಿರುತ್ತೆ. ಕರಗಿಸೋದೂ ಎಷ್ಟು ಸಲ ಬೇಕಾದ್ರೂ ಆಗಲ್ಲ. ಪ್ರತಿ ಸಲ ಕಾಯಿಸಿದಾಗ ಎಳೆಗಳು ಸ್ವಲ್ಪ ಸ್ವಲ್ಪ ತುಂಡಾಗ್ತವೆ, ಹೊಸ ಮಾಲು ಬೆರೆಸಬೇಕಾಗುತ್ತೆ.

ಈ ಎರಡೂ ಪ್ರಯೋಗದಲ್ಲಿ ನನ್ನ ಗಮನ ಸೆಳೆದದ್ದು ಒಂದೇ ಸಂಗತಿ. ರಸಾಯನಶಾಸ್ತ್ರದ ಅರ್ಧ ಕೆಲಸ 1960ರ ದಶಕದಲ್ಲೇ ಮುಗಿದಿತ್ತು. ಇವರು ಹೊಸದಾಗಿ ಹುಡುಕಬೇಕಾಗಿ ಬಂದಿದ್ದು ಒಂದು ವಿಳಾಸ, ಸವೆದ ಶೂ ಎಲ್ಲಿಗೆ ವಾಪಸ್ ಬರಬೇಕು ಅಂತ. ಫೋನ್ ಕವರಿಗೆ ಅಂಥ ವಿಳಾಸ ನನಗೆ ಸಿಗಲಿಲ್ಲ. ಕವರ್ ಕೊಂಡ ಅಂಗಡಿಗೇ ಹೋಗಿ ಹಳೇದು ತಗೊಳ್ತೀರಾ ಅಂತ ಕೇಳಿದೆ. ಹುಡುಗ ನಕ್ಕು, ಹೊಸದು ತೋರಿಸಲಾ ಅಣ್ಣ ಅಂದ.

ಹಳದಿ ಕವರ್ ಮನೆಗೆ ವಾಪಸ್ ಬಂದಿದೆ. ಡ್ರಾಯರಲ್ಲಿ ಈಗಲೂ ನಾಲ್ಕೇ ಇವೆ. ನಿಮ್ಮ ಮನೇಲಿ ಎಷ್ಟಿವೆ, ನಿಮ್ಮೂರಲ್ಲಿ ಯಾರಾದ್ರೂ ತಗೊಳ್ತಾರಾ, ವಾಯ್ಸ್ ಮೆಸೇಜ್ ಕಳಿಸಿ. ಸಿಕ್ಕ ವಿಳಾಸಗಳನ್ನ ಮುಂದಿನ ವಾರ ಓದ್ತೀನಿ.